ಪ್ರಾಸ್ಟೇಟ್ ಕ್ಯಾನ್ಸರ್: ಸಹಿ ಹಾಕುವ ಮೊದಲು ವಿಚಾರಿಸಿ

ಅಡಿಕೆ ಕೊಡುವ ಮೊದಲು ನಾಲ್ಕು ಕಡೆ ಧಾರಣೆ ವಿಚಾರಿಸುವ ನಮ್ಮ ಬೆಳೆಗಾರರು, ಮಂಗಳೂರಿನ ಆಸ್ಪತ್ರೆಯಲ್ಲಿ ವೈದ್ಯರ ಎದುರು ಕುಳಿತಾಗ ಮಾತ್ರ “ನೀವು ಹೇಳಿದ ಹಾಗೆಯೇ ಆಗಲಿ ಡಾಕ್ಟ್ರೇ” ಎಂದು ಸಹಿ ಹಾಕಿಬಿಡುತ್ತಾರೆ. ಹೃದಯಾಘಾತವಾದಾಗ ಅದೇ ಸರಿ. ವಯಸ್ಸಾದ ಗಂಡಸರಿಗೆ ಬರುವ ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯ ಹಾಗಲ್ಲ.

ಪ್ರಾಸ್ಟೇಟ್ ಎಂಬುದು ಮೂತ್ರಕೋಶದ ಬುಡದಲ್ಲಿ, ಹೆಚ್ಚುಕಡಿಮೆ ಹಣ್ಣಡಿಕೆಯ ಗಾತ್ರದಲ್ಲಿರುವ ಗ್ರಂಥಿ. ಕ್ಯಾನ್ಸರ್ ಅಲ್ಲಿಂದ ಎಲುಬಿಗೆ ಹರಡಿದ್ದರೆ ತಡಮಾಡುವಂತಿಲ್ಲ. ನಮ್ಮಲ್ಲಿ ಅನೇಕರು ಆ ಹಂತದಲ್ಲೇ ಬರುತ್ತಾರೆ, ಅವರ ಚಿಕಿತ್ಸೆಯೇ ಬೇರೆ. ಆದುದರಿಂದ ಕೇಳಬೇಕಾದ ಮೊದಲ ಪ್ರಶ್ನೆ, ರೋಗ ಗ್ರಂಥಿಯೊಳಗೇ ಇದೆಯೇ ಎಂಬುದು. ಇದೆ, ಬಯಾಪ್ಸಿಯಲ್ಲಿ ತೀವ್ರತೆಯೂ ಕಡಿಮೆ ಎಂದಾದರೆ ಯೋಚಿಸಲು ಕೆಲವು ವಾರಗಳ ಸಮಯ ಸಾಮಾನ್ಯವಾಗಿ ಇರುತ್ತದೆ. ದಾರಿಗಳು ಮೂರು: ಶಸ್ತ್ರಕ್ರಿಯೆ, ರೇಡಿಯೇಶನ್, ಇಲ್ಲವೇ ಪಿ.ಎಸ್.ಎ. ರಕ್ತಪರೀಕ್ಷೆ ಮುಂತಾದವನ್ನು ತಪ್ಪದೆ ಮಾಡಿಸುತ್ತ ಕಣ್ಣಿಟ್ಟು ಕಾಯುವುದು.

ಬ್ರಿಟನ್ನಿನಲ್ಲಿ ಇಂಥ 1,643 ಮಂದಿಯನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿ ನೋಡಿದರು. 15 ವರ್ಷಗಳ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಈ ರೋಗದಿಂದ ತೀರಿಕೊಂಡವರು ಯಾವ ಗುಂಪಿನಲ್ಲೂ ನೂರಕ್ಕೆ ಎರಡು ಮೂರು ಮಂದಿ ಮಾತ್ರ. ಹಾಗೆಂದು ಮೂರೂ ಒಂದೇ ಅಲ್ಲ. ಕಾದವರಲ್ಲಿ ನೂರಕ್ಕೆ 9 ಮಂದಿಗೆ ರೋಗ ಬೇರೆಡೆ ಹರಡಿತು. ಉಳಿದೆರಡು ಗುಂಪುಗಳಲ್ಲಿ 5 ಮಂದಿಗೆ. ಕಾದವರಲ್ಲಿ ಸುಮಾರು 60 ಮಂದಿ ಕೊನೆಗೆ ಶಸ್ತ್ರಕ್ರಿಯೆಯನ್ನೋ ರೇಡಿಯೇಶನನ್ನೋ ಮಾಡಿಸಿಕೊಂಡರು. ಇನ್ನು ತೊಂದರೆಗಳ ಲೆಕ್ಕ: ಹನ್ನೆರಡು ವರ್ಷ ಕಳೆದ ಮೇಲೂ ಮೂತ್ರ ಸೋರುವುದೆಂದು ಪ್ಯಾಡ್ ಬಳಸುತ್ತಿದ್ದವರು ಶಸ್ತ್ರಕ್ರಿಯೆಯವರಲ್ಲಿ ನೂರಕ್ಕೆ 24, ಕಾದವರಲ್ಲಿ 11, ರೇಡಿಯೇಶನ್‌ನವರಲ್ಲಿ 8. ರೇಡಿಯೇಶನ್‌ನವರಿಗೆ ಮಲವಿಸರ್ಜನೆಯ ತೊಂದರೆ ಹೆಚ್ಚು. ದಾಂಪತ್ಯಸುಖಕ್ಕೆ ಬರುವ ಅಡ್ಡಿಯನ್ನೂ ನಾಚದೆ ಕೇಳಬೇಕು.

ಇಂಥ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು, “ನಿಮಗೆ ಯಾವುದು ಮುಖ್ಯ?” ಎಂದು ಕೇಳುವ ಪುಸ್ತಿಕೆ, ವೀಡಿಯೊಗಳು ವಿದೇಶಗಳಲ್ಲಿವೆ. ಅವು ಇಂಥದನ್ನೇ ಮಾಡಿ ಎನ್ನುವುದಿಲ್ಲ. ರೋಗಿಗೆ ತಿಳಿವಳಿಕೆ ಕೊಟ್ಟು, ಆಯ್ಕೆಯನ್ನು ಅವನಿಗೇ ಬಿಡುತ್ತವೆ.

ಮನೆಯ ಲೆಕ್ಕದ ಪುಸ್ತಕದಲ್ಲೂ ಇದನ್ನು ಮಾಡಬಹುದು. ಮೂರು ಕಾಲಮು ಎಳೆಯಿರಿ. ವೈದ್ಯರು ಹೇಳಿದ ಗುಣ, ದೋಷ, ಖರ್ಚನ್ನು ಬರೆಯಿರಿ. ಕೆಳಗೆ ನಿಮ್ಮ ಸಂಗತಿ ಇರಲಿ. ರೇಡಿಯೇಶನ್ ಎಂದರೆ ವಾರಕ್ಕೆ ಐದು ದಿನದಂತೆ ನಾಲ್ಕು ವಾರ, ಕೆಲವೆಡೆ ಏಳೆಂಟು ವಾರ. ಸುಳ್ಯದಿಂದ ದಿನಾ ಬಂದುಹೋಗುವುದೋ, ಮಂಗಳೂರಿನಲ್ಲಿ ಉಳಿಯುವುದೋ? ಶಸ್ತ್ರಕ್ರಿಯೆಯಾದರೆ ಕೆಲವು ವಾರ ಭಾರ ಎತ್ತುವಂತಿಲ್ಲ. ಕೊಯ್ಲಿನ ಸಮಯಕ್ಕೆ ಯಾರಿದ್ದಾರೆ? ತಪಾಸಣೆಗೆ ತಪ್ಪದೆ ಬರಲಾರದವರಿಗೆ ಕಾಯುವ ದಾರಿ ಬೇಡವೆಂದೇ ನಮ್ಮ ಅಭಿಪ್ರಾಯ. ಬರೆಯುವಾಗ ಮನೆಯಾಕೆಯೂ ಜೊತೆಗಿರಲಿ, ಆರೈಕೆಯ ಹೊರೆ ಹೆಚ್ಚಾಗಿ ಬೀಳುವುದು ಅವರ ಮೇಲೆಯೇ.

ಪ್ರಶ್ನೆ ಕೇಳುವುದು ಅಧಿಕಪ್ರಸಂಗವಲ್ಲ. ಚಿಕಿತ್ಸೆಯ ಸ್ವರೂಪ, ಅಪಾಯ, ಬದಲಿ ದಾರಿಗಳನ್ನು ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ. ಶಸ್ತ್ರವೈದ್ಯರಿಗೆ ಶಸ್ತ್ರಕ್ರಿಯೆಯ ಮೇಲೆ, ರೇಡಿಯೇಶನ್ ವೈದ್ಯರಿಗೆ ತಮ್ಮದರ ಮೇಲೆ ಒಲವಿರುವುದು ಸಹಜ, ಇಬ್ಬರನ್ನೂ ಕಾಣಿರಿ. ಅತ್ತಾವರ, ಕಂಕನಾಡಿ, ಕುಂಟಿಕಾನ, ದೇರಳಕಟ್ಟೆ, ಎಲ್ಲೆಡೆಯೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಸಿಟಿ ಬಸ್ಸಿನ ದಾರಿ. ಬಯಾಪ್ಸಿ ವರದಿ, ಪಿ.ಎಸ್.ಎ. ಚೀಟಿ, ಸ್ಕ್ಯಾನ್ ಫಿಲ್ಮುಗಳನ್ನು ಮಾತ್ರ ಮರೆಯದೆ ಜೊತೆಗೆ ಒಯ್ಯಿರಿ.