ಊರಿನ ಮಹಿಳಾ ಕ್ಲಬ್: ಸೇರುವುದು ಹೇಗೆ, ನಡೆಸುವುದು ಹೇಗೆ

ಜುಲೈ ತಿಂಗಳಲ್ಲಿ ಯಾವುದೇ ಪತ್ರಿಕೆಯ ಸ್ಥಳೀಯ ಪುಟ ತೆರೆದರೂ ಒಂದು ಬಗೆಯ ಸುದ್ದಿ ಕಣ್ಣಿಗೆ ಬೀಳುತ್ತದೆ: ‘ಇನ್ನರ್ ವೀಲ್ ಕ್ಲಬ್ ನೂತನ ಪದಾಧಿಕಾರಿಗಳ ಪದಗ್ರಹಣ’. ಜೊತೆಗೆ ಒಂದು ಗುಂಪು ಫೋಟೊ. ಓದಿದವರಿಗೆ ಸಹಜವಾಗಿಯೇ ಪ್ರಶ್ನೆ ಹುಟ್ಟುತ್ತದೆ. ಇದು ಯಾರ ಕ್ಲಬ್? ಇಲ್ಲಿ ಏನು ಕೆಲಸ ನಡೆಯುತ್ತದೆ? ಶಾಲೆಯಲ್ಲಿ ಪಾಠ ಮಾಡುವವರು, ಬ್ಯಾಂಕಿನಲ್ಲಿರುವವರು, ಹೊಲಿಗೆ ಅಂಗಡಿ ಇಟ್ಟವರು ಸೇರಬಹುದೇ? ಎಷ್ಟು ಖರ್ಚು? ಒಂದೊಂದಾಗಿ ನೋಡೋಣ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಇದು ಸ್ತ್ರೀಶಕ್ತಿ ಗುಂಪಿನಂಥದ್ದಲ್ಲ. ಸ್ವಸಹಾಯ ಸಂಘದ ಜೀವಾಳ ಉಳಿತಾಯ ಮತ್ತು ಸಾಲ. ಕ್ಲಬ್ಬಿನಲ್ಲಿ ಅವೆರಡೂ ಇಲ್ಲ. ಇಲ್ಲಿ ಸದಸ್ಯೆಯರು ಕೊಡುವುದು ತಮ್ಮ ಸಮಯ, ಒಂದಿಷ್ಟು ವಂತಿಗೆ ಮತ್ತು ತಮ್ಮ ವೃತ್ತಿಯ ತಿಳಿವಳಿಕೆ. ಈ ಮೂರನೆಯದೇ ದೊಡ್ಡದು. ಒಬ್ಬ ವೈದ್ಯೆ, ಒಬ್ಬ ವಕೀಲೆ, ಒಬ್ಬ ಲೆಕ್ಕಪರಿಶೋಧಕಿ, ಒಬ್ಬ ಮುಖ್ಯೋಪಾಧ್ಯಾಯಿನಿ ತಿಂಗಳಿಗೊಮ್ಮೆ ಒಂದೇ ಕೋಣೆಯಲ್ಲಿ ಕೂತರೆ ಊರಿನ ಅರ್ಧ ಸಮಸ್ಯೆಗಳಿಗೆ ಯಾರನ್ನು ಕೇಳಬೇಕು ಎಂಬುದು ಅಲ್ಲೇ ತಿಳಿಯುತ್ತದೆ.

ನಮ್ಮ ಜಿಲ್ಲಾ, ತಾಲ್ಲೂಕು ಕೇಂದ್ರಗಳಲ್ಲಿ ಹೆಚ್ಚಾಗಿ ಕಾಣುವುದು ಇನ್ನರ್ ವೀಲ್. ಮಾರ್ಗರೆಟ್ ಗೋಲ್ಡಿಂಗ್ ಎಂಬ ನರ್ಸ್ ಇದನ್ನು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1924ರ ಜನವರಿ 10ರಂದು ಆರಂಭಿಸಿದರು. ಅವರು ವ್ಯಾಪಾರವನ್ನೂ ನಡೆಸುತ್ತಿದ್ದವರು. ಜನವರಿ 10 ಇಂದಿಗೂ ಇನ್ನರ್ ವೀಲ್ ದಿನ. ಆಗ ರೋಟರಿ ಗಂಡಸರಿಗೆ ಮಾತ್ರ ಇತ್ತು. ಹಾಗಾಗಿ ರೋಟರಿ ಸದಸ್ಯರ ಮನೆಯ ಹೆಂಗಸರು ಸೇರಿ ಇದನ್ನು ಕಟ್ಟಿದರು. ‘ಗಂಡ ರೋಟರಿಯಲ್ಲಿದ್ದರೆ ಮಾತ್ರ ಸೇರಿಸಿಕೊಳ್ಳುತ್ತಾರೆ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಈಗ ಹಾಗಿಲ್ಲ. 2012ರಲ್ಲಿ ನಿಯಮ ಬದಲಾಯಿತು. ರೋಟರಿಯ ನಂಟೇ ಇಲ್ಲದವರನ್ನೂ ಕ್ಲಬ್ಬಿನ ಬಹುಪಾಲು ಸದಸ್ಯರು ಒಪ್ಪಿದರೆ ಆಹ್ವಾನಿಸಬಹುದು. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟೋ ಸಮರ್ಥ ಹೆಣ್ಣುಮಕ್ಕಳು ದೂರವೇ ಉಳಿದಿದ್ದಾರೆ. ದಯವಿಟ್ಟು ವಿಚಾರಿಸಿ.

ದೊಡ್ಡ ಊರುಗಳಲ್ಲಿ ಬೇರೆ ಸಂಸ್ಥೆಗಳೂ ಇವೆ. 1919ರಲ್ಲಿ ಅಮೆರಿಕದ ಬಫಲೊದಲ್ಲಿ ಹುಟ್ಟಿದ ಜೋಂಟಾ ವೃತ್ತಿನಿರತ ಮಹಿಳೆಯರು ಕಟ್ಟಿದ ಕ್ಲಬ್. ವಿಮಾನಯಾನಿ ಅಮೀಲಿಯಾ ಇಯರ್‌ಹಾರ್ಟ್ ಇದರ ಸದಸ್ಯೆಯಾಗಿದ್ದರು. ಅವರ ಹೆಸರಿನಲ್ಲಿ ಜೋಂಟಾ 1938ರಿಂದ ಒಂದು ಫೆಲೋಶಿಪ್, ಅಂದರೆ ಸಂಶೋಧನಾ ವೇತನ, ಕೊಡುತ್ತಿದೆ. ವಿಮಾನ ಮತ್ತು ಬಾಹ್ಯಾಕಾಶ ವಿಜ್ಞಾನದಲ್ಲಿ ಪಿಎಚ್.ಡಿ. ಮಾಡುವ ಯಾವ ದೇಶದ ಹೆಣ್ಣುಮಗಳೂ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲಿ ಏರೋಸ್ಪೇಸ್ ಓದುತ್ತಿರುವ ಮಗಳು ನಿಮ್ಮ ಮನೆಯಲ್ಲಿದ್ದರೆ ಅವಳಿಗೆ ಹೇಳಿ. ಸ್ವಂತ ಉದ್ಯಮ ಇರುವವರಿಗೆ, ಶುರು ಮಾಡಬೇಕು ಎನ್ನುವವರಿಗೆ ಬೆಂಗಳೂರಿನ ‘ಅವೇಕ್’ ಇದೆ. ಕರ್ನಾಟಕದ ಮಹಿಳಾ ಉದ್ಯಮಿಗಳು 1983ರಲ್ಲಿ ತಾವೇ ಕಟ್ಟಿಕೊಂಡ ಸಂಘ ಇದು. ಬರೆಯುವವರಿಗೆ 1979ರಿಂದ ಕರ್ನಾಟಕ ಲೇಖಕಿಯರ ಸಂಘವಿದೆ. ರೋಟರಿಯೂ 1989ರಿಂದ ಹೆಂಗಸರಿಗೆ ಬಾಗಿಲು ತೆರೆದಿದೆ. ನೇರವಾಗಿ ಅಲ್ಲಿಗೇ ಸೇರುವವರೂ ಈಗ ಇದ್ದಾರೆ.

ಇನ್ನು ಕ್ಲಬ್ಬಿನ ವರ್ಷ ಹೇಗೆ ಸಾಗುತ್ತದೆ ಎಂಬುದು. ಇನ್ನರ್ ವೀಲ್ ವರ್ಷ ಜುಲೈ 1ಕ್ಕೆ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಕಾರ್ಯದರ್ಶಿ ಸಭೆಯ ನಡಾವಳಿ ಬರೆಯುತ್ತಾರೆ. ಖಜಾಂಚಿ ಲೆಕ್ಕ ಇಡುತ್ತಾರೆ. ಐಎಸ್ಒ ಎಂದು ಕರೆಯುವ ಇನ್ನೊಬ್ಬರು ಬೇರೆ ಊರು, ಬೇರೆ ದೇಶದ ಕ್ಲಬ್ಬುಗಳ ಜೊತೆ ಸಂಪರ್ಕ ಇಟ್ಟುಕೊಳ್ಳುತ್ತಾರೆ. ಸಂಪಾದಕಿ ಕ್ಲಬ್ಬಿನ ವಾರ್ತಾಪತ್ರ ತರುತ್ತಾರೆ. ವರ್ಷಕ್ಕೊಮ್ಮೆ ಜಿಲ್ಲಾಧ್ಯಕ್ಷೆಯ ಅಧಿಕೃತ ಭೇಟಿ ಇರುತ್ತದೆ. ಅವರು ಪುಸ್ತಕಗಳನ್ನೂ ನಡೆಸಿದ ಕೆಲಸವನ್ನೂ ನೋಡುತ್ತಾರೆ. ಈ ‘ಜಿಲ್ಲೆ’ ಸರ್ಕಾರದ ಜಿಲ್ಲೆಯಲ್ಲ. ಸಂಸ್ಥೆಯ ವಿಭಾಗ. ಮೈಸೂರು, ಕೊಡಗು, ಮಂಗಳೂರು ಭಾಗದ ಕ್ಲಬ್ಬುಗಳು 318ನೇ ಜಿಲ್ಲೆಗೆ ಸೇರುತ್ತವೆ.

ವರ್ಷಕ್ಕೊಬ್ಬ ಅಧ್ಯಕ್ಷೆ ಎಂಬ ಪದ್ಧತಿಯಲ್ಲಿ ಲಾಭವೂ ಇದೆ, ತೊಡಕೂ ಇದೆ. ವೇದಿಕೆ ಹತ್ತಿ ಮಾತಾಡದವರು ಒಂದು ವರ್ಷದಲ್ಲಿ ಸಭೆ ನಡೆಸಲು ಕಲಿಯುತ್ತಾರೆ. ಆದರೆ ಪ್ರತಿ ಜುಲೈನಲ್ಲಿ ಬ್ಯಾಂಕ್ ಖಾತೆಗೆ ಸಹಿ ಹಾಕುವವರು ಬದಲಾಗುತ್ತಾರೆ. ಹಳೆಯವರ ಸಹಿ ನಡೆಯುವುದಿಲ್ಲ, ಹೊಸಬರದು ದಾಖಲಾಗಿರುವುದಿಲ್ಲ. ಆಗಸ್ಟ್ ಬಂದರೂ ಒಂದು ಚೆಕ್ ಹೊರಡುವುದಿಲ್ಲ. ಇದಕ್ಕೆ ಉಪಾಯ ಸುಲಭ. ಜೂನ್ ಸಭೆಯಲ್ಲೇ ಠರಾವು ಮಾಡಿ. ಯಾರ ಸಹಿ ರದ್ದು, ಯಾರ ಸಹಿ ಜಾರಿ ಎಂದು ಹೆಸರು ಸಮೇತ ಬರೆಯಿರಿ. ಅದರ ದೃಢೀಕೃತ ಪ್ರತಿ, ಹೊಸಬರ ಆಧಾರ್, ಪ್ಯಾನ್, ಫೋಟೊ ಇಷ್ಟನ್ನೂ ಜುಲೈ ಮೊದಲ ವಾರವೇ ಬ್ಯಾಂಕಿಗೆ ಕೊಡಿ.

ಈಗ ಚಟುವಟಿಕೆ. ಒಂದು ದಿನ ಬ್ಯಾನರ್ ಕಟ್ಟಿ, ಹಣ್ಣು ಹಂಚಿ, ಫೋಟೊ ತೆಗೆದರೆ ಸುದ್ದಿಯಾಗುತ್ತದೆ, ಕೆಲಸವಾಗುವುದಿಲ್ಲ. ವರ್ಷವಿಡೀ ಒಂದೇ ವಿಷಯ ಹಿಡಿದು ನಡೆದ ಕ್ಲಬ್ಬುಗಳಿಂದಲೇ ಊರಿಗೆ ಉಪಯೋಗವಾಗಿದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಒಂದು ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ.

ಬಹಳ ಕ್ಲಬ್ಬುಗಳು ರಕ್ತದಾನ ಶಿಬಿರ ಮಾಡುತ್ತವೆ. ಕ್ಲಬ್ ತಾನೇ ರಕ್ತ ಸಂಗ್ರಹಿಸುವಂತಿಲ್ಲ. ಪರವಾನಗಿ ಇರುವ ರಕ್ತನಿಧಿ ಕೇಂದ್ರದವರೇ ಬರಬೇಕು. ಕೊಡುವವರಿಗೆ 18 ವರ್ಷ ತುಂಬಿರಬೇಕು, ತೂಕ ಕನಿಷ್ಠ 45 ಕೆ.ಜಿ. ಇರಬೇಕು. ಹಿಮೋಗ್ಲೋಬಿನ್, ಅಂದರೆ ರಕ್ತದಲ್ಲಿನ ಕಬ್ಬಿಣಾಂಶದ ಕೆಂಪು ವಸ್ತು, ಡೆಸಿಲೀಟರಿಗೆ 12.5 ಗ್ರಾಂ ಇರಬೇಕು. ಒಮ್ಮೆ ಕೊಟ್ಟ ಮೇಲೆ ಹೆಂಗಸರು ನಾಲ್ಕು ತಿಂಗಳು, ಗಂಡಸರು ಮೂರು ತಿಂಗಳು ಕಾಯಬೇಕು. ಮಹಿಳಾ ಕ್ಲಬ್ಬಿನ ಶಿಬಿರದಲ್ಲಿ ಆಗುವುದೇನು? ಉತ್ಸಾಹದಿಂದ ಬಂದ ಹೆಂಗಸರ ಬೆರಳು ಚುಚ್ಚಿ ನೋಡುತ್ತಾರೆ. ಹನ್ನೊಂದು, ಹತ್ತೂವರೆ, ಒಂಬತ್ತು ಎಂದು ಬರುತ್ತದೆ. ‘ನಿಮ್ಮದು ಆಗುವುದಿಲ್ಲ ಅಮ್ಮ’ ಎಂದು ವಾಪಸು ಕಳುಹಿಸುತ್ತಾರೆ. ಅವರು ಬಿಸ್ಕತ್ತನ್ನೂ ಮುಟ್ಟದೆ ಮನೆಗೆ ಹೋಗುತ್ತಾರೆ. ಅಲ್ಲಿಗೆ ಮುಗಿಯಿತು.

ನಿಜವಾದ ಕೆಲಸ ಶುರುವಾಗಬೇಕಾದದ್ದು ಅಲ್ಲಿಂದ. ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ವಾಪಸು ಹೋದವರ ಹೆಸರು, ಫೋನ್ ನಂಬರ್, ಅಂದು ಬಂದ ಅಂಕಿಯನ್ನು ಅವರ ಒಪ್ಪಿಗೆ ಪಡೆದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಕ್ಲಬ್ಬಿನ ವೈದ್ಯೆಯೊಬ್ಬರು ಅವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಲಿ. ಕಬ್ಬಿಣಾಂಶದ ಮಾತ್ರೆ ಅಲ್ಲಿ ಉಚಿತ. ಊಟವಾದ ಕೂಡಲೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ಹುಳಿ ಇದ್ದರೆ ಚೆನ್ನಾಗಿ ಹತ್ತುತ್ತದೆ ಎಂದು ತಿಳಿಸಿ ಹೇಳಿ. ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗುತ್ತಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಮೂರು ತಿಂಗಳ ಮೇಲೆ ಅದೇ ಪುಸ್ತಕ ತೆರೆದು, ಅದೇ ಹೆಂಗಸರನ್ನು ಕರೆದು ಮತ್ತೆ ಪರೀಕ್ಷೆ ಮಾಡಿಸಿ. ಇದಕ್ಕೆ ಹೆಚ್ಚು ಹಣ ಬೇಡ. ಪುಸ್ತಕ ಕಳೆಯದೆ ಇಟ್ಟುಕೊಳ್ಳುವ ಒಬ್ಬರು ಬೇಕು.

ವಕೀಲೆಯರು ಮಾಡಬಹುದಾದ ಕೆಲಸವೂ ಉಂಟು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಪ್ರತಿ ಕಚೇರಿ, ಕಾರ್ಖಾನೆ, ಆಸ್ಪತ್ರೆಯಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕು ಎಂದು 2013ರ ಕಾಯ್ದೆ ಹೇಳುತ್ತದೆ. ಅದರಲ್ಲಿ ಹೊರಗಿನ ಒಬ್ಬ ಸದಸ್ಯರು ಕಡ್ಡಾಯ. ಅವರು ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಯವರು ಅಥವಾ ಈ ವಿಷಯ ಬಲ್ಲವರು ಆಗಿರಬೇಕು. ಸಣ್ಣ ಊರುಗಳಲ್ಲಿ ಅಂಥವರು ಸಿಗದೆ ಸಮಿತಿ ಕಾಗದದ ಮೇಲೆ ಮಾತ್ರ ಇರುತ್ತದೆ. ಕಾಯ್ದೆ ಓದಿಕೊಂಡ ನಾಲ್ಕು ಜನ ನಿಮ್ಮ ಕ್ಲಬ್ಬಿನಲ್ಲಿದ್ದರೆ ಊರಿನ ಎಷ್ಟೋ ಸಂಸ್ಥೆಗಳಿಗೆ ಅನುಕೂಲ.

ಬ್ಯಾಂಕಿನವರು ಅರ್ಜಿ ತುಂಬಿಸಲು ನೆರವಾಗಬಹುದು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಸಣ್ಣ ಉದ್ಯಮಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಸಿಗುತ್ತದೆ. ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮ ಎಂಬ ಸರ್ಕಾರಿ ಗುರುತು, ಸರ್ಕಾರದ ಜಾಲತಾಣದಲ್ಲಿ ಪೂರ್ತಿ ಉಚಿತ. ಅದಕ್ಕೂ ಮಧ್ಯವರ್ತಿಗಳಿಗೆ ಹಣ ಕೊಡುವ ಹೆಂಗಸರಿದ್ದಾರೆ. ತಿಂಗಳಿಗೊಂದು ಶನಿವಾರ ಸಂಜೆ ಕುಳಿತು ಇಷ್ಟನ್ನು ಮಾಡಿಕೊಟ್ಟರೂ ಸಾಕು.

ಖರ್ಚಿನ ಮಾತಿಗೆ ಬರೋಣ. ಮೊತ್ತ ಕ್ಲಬ್ಬಿನಿಂದ ಕ್ಲಬ್ಬಿಗೆ ಬೇರೆ. ಆದರೆ ಬಾಬ್ತು ಹೆಚ್ಚು ಕಡಿಮೆ ಒಂದೇ. ಸೇರುವಾಗ ಒಮ್ಮೆ ಪ್ರವೇಶ ಶುಲ್ಕ. ಆಮೇಲೆ ವಾರ್ಷಿಕ ವಂತಿಗೆ, ಅದರಲ್ಲಿ ಒಂದು ಪಾಲು ಜಿಲ್ಲೆಗೂ ಮೇಲಿನ ಸಂಸ್ಥೆಗೂ ಹೋಗುತ್ತದೆ. ಸಭೆಯ ಉಪಾಹಾರ. ಯೋಜನೆಗಳಿಗೆ ಕೈಲಾದಷ್ಟು. ಬರೆದಿಡದ ಖರ್ಚೂ ಇದೆ: ಒಂದೇ ಬಣ್ಣದ ಸೀರೆ, ಜಿಲ್ಲಾ ಸಮ್ಮೇಳನದ ಪ್ರಯಾಣ, ಅಧ್ಯಕ್ಷೆಯಾದ ವರ್ಷದ ಆತಿಥ್ಯ. ಇದನ್ನು ಸೇರುವ ಮೊದಲೇ ಕೇಳಿ, ಸಂಕೋಚ ಬೇಡ. ಸಂಬಳದಲ್ಲಿ ಮನೆ ನಡೆಸುವ ನರ್ಸ್ ಒಬ್ಬರು ಸೀರೆಯ ಖರ್ಚಿಗೆ ಹೆದರಿ ಹೊರಗುಳಿದರೆ ನಷ್ಟ ಕ್ಲಬ್ಬಿಗೇ.

ಮಾಡಿದ ಕೆಲಸ ಊರಿಗೆ ತಿಳಿಯಬೇಕು. ಸುದ್ದಿ ಕಳುಹಿಸಲೂ ಒಂದು ಕ್ರಮವಿದೆ. ಕಾರ್ಯಕ್ರಮ ಮುಂದೆ ನಡೆಯುವುದಾದರೆ ಎರಡು ಮೂರು ದಿನ ಮೊದಲೇ ಕಳುಹಿಸಿ. ನಡೆದುಹೋದದ್ದಾದರೆ ಅದೇ ಸಂಜೆಯೇ ಕಳುಹಿಸಿ. ಮಾರನೇ ದಿನಕ್ಕೆ ಅದು ಹಳೆಯದು. ಮೊದಲ ಸಾಲಿನಲ್ಲೇ ಏನು, ಎಲ್ಲಿ, ಯಾವಾಗ ಇರಲಿ. ಸ್ವಾಗತಿಸಿದವರು, ವಂದಿಸಿದವರ ಹೆಸರು ಕೊನೆಗೆ ಸಾಕು. ‘ಅರವತ್ತು ಮಂದಿಗೆ ಪರೀಕ್ಷೆ, ಅವರಲ್ಲಿ ಇಷ್ಟು ಜನರಿಗೆ ರಕ್ತಹೀನತೆ, ಮುಂದಿನ ಪರೀಕ್ಷೆ ಇಂಥ ದಿನ’ ಎಂಬ ಸುದ್ದಿ ಓದುಗರಿಗೆ ಉಪಯೋಗಕ್ಕೆ ಬರುತ್ತದೆ. ಫೋಟೊ ಒಂದೇ ಇರಲಿ, ಎಡದಿಂದ ಬಲಕ್ಕೆ ಹೆಸರು ಬರೆಯಿರಿ, ಇನಿಶಿಯಲ್ ತಪ್ಪದಿರಲಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದನ್ನು ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಮೊಬೈಲುಗಳೂ ಓದಬಲ್ಲ ರೂಪದಲ್ಲಿ ಕಳುಹಿಸಿ.

ಒಂದು ವಿನಂತಿ. ಸ್ಯಾನಿಟರಿ ಪ್ಯಾಡ್ ಅಥವಾ ಫೀಸಿನ ಹಣ ಪಡೆಯುವ ಹುಡುಗಿಯರ ಮುಖ, ಹೆಸರು ಪತ್ರಿಕೆಗೆ ಕೊಡಬೇಡಿ. ನಾಳೆ ತರಗತಿಯಲ್ಲಿ ಕೂರಬೇಕಾದವಳು ಅವಳು. ಪ್ಯಾಡ್ ಹಂಚುವ ಮೊದಲು ಆ ಶಾಲೆಗೆ ಸರ್ಕಾರದ ಶುಚಿ ಯೋಜನೆಯಲ್ಲಿ ಬರುತ್ತಿದೆಯೇ ಎಂದೂ ಕೇಳಿ. ಬರುತ್ತಿದ್ದರೆ ಆ ಹಣದಲ್ಲಿ ಶೌಚಾಲಯದ ನಲ್ಲಿ, ಚಿಲಕ ಸರಿಮಾಡಿಸಬಹುದು.

ನಿಮ್ಮ ಊರಿನಲ್ಲಿ ಯಾವ ಕ್ಲಬ್ಬೂ ಇಲ್ಲವೇ? ನೀವೇ ಕಟ್ಟಬಹುದು. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸಾಕು. ಅರ್ಜಿಯ ಜೊತೆ ಉದ್ದೇಶ ತಿಳಿಸುವ ಜ್ಞಾಪನ ಪತ್ರ, ನಿಯಮಾವಳಿ ಎಂದರೆ ಬೈಲಾ, ಕಚೇರಿ ವಿಳಾಸದ ದಾಖಲೆ, ಸದಸ್ಯರ ಗುರುತಿನ ಚೀಟಿ ಕೊಡಬೇಕು. ಜಿಲ್ಲಾ ಕೇಂದ್ರದಲ್ಲಿ ಸಹಕಾರ ಇಲಾಖೆಗೆ ಸೇರಿದ ಸಂಘಗಳ ನೋಂದಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ನೋಂದಣಿ ಪತ್ರ ಬಂದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಆಮೇಲೆ ಬ್ಯಾಂಕ್ ಖಾತೆ. ಯಾರೊಬ್ಬರ ಸ್ವಂತ ಖಾತೆಗೂ ಕ್ಲಬ್ಬಿನ ಹಣ ಹಾಕಿಸಬೇಡಿ, ಎಷ್ಟೇ ನಂಬಿಕೆ ಇದ್ದರೂ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆಯಲೇಬೇಕು. ಸಭೆಯಾದ 14 ದಿನಗಳೊಳಗೆ ಆಡಿಟ್ ಆದ ಲೆಕ್ಕ, ಸಮಿತಿಯ ಪಟ್ಟಿ ಅದೇ ಕಚೇರಿಗೆ ಸಲ್ಲಬೇಕು. ಹೊಸ ಸಂಘಗಳು ಎಡವುವುದು ಹೆಚ್ಚಾಗಿ ಇಲ್ಲೇ.

ದೇಣಿಗೆಯ ಬಗ್ಗೆ ಎರಡು ಎಚ್ಚರ. ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗಬೇಕಾದರೆ ಸಂಘವು ಆದಾಯ ತೆರಿಗೆ ಇಲಾಖೆಯಿಂದ ಅನುಮೋದನೆ ಪಡೆದಿರಬೇಕು, ಜನ ಇದನ್ನೇ 80ಜಿ ಎನ್ನುವುದು. ಆಗಲೂ 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ವಿನಾಯಿತಿ ಇಲ್ಲ. ಇನ್ನೊಂದು, ಅಮೆರಿಕದ ಪೌರತ್ವ ಪಡೆದ ನಿಮ್ಮ ಅಕ್ಕನ ಮಗ ಪ್ರೀತಿಯಿಂದ ಹಣ ಕಳುಹಿಸಿದರೂ ಅದು ವಿದೇಶಿ ದೇಣಿಗೆ. ಕೇಂದ್ರ ಗೃಹ ಸಚಿವಾಲಯದ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಸಂಘ ಅದನ್ನು ಪಡೆಯುವಂತಿಲ್ಲ. ಅಲ್ಲಿದ್ದೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಕೊಟ್ಟರೆ ಅಡ್ಡಿಯಿಲ್ಲ.

ಈಗಾಗಲೇ ಇರುವ ಕ್ಲಬ್ಬಿಗೆ ಸೇರುವುದಾದರೆ ಊರಿನ ರೋಟರಿ ಭವನದಲ್ಲಿ ಕೇಳಿ. ಇನ್ನರ್ ವೀಲ್ ಕಾರ್ಯದರ್ಶಿಯ ನಂಬರ್ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಮೊದಲು ಒಂದೆರಡು ಸಭೆಗೆ ಅತಿಥಿಯಾಗಿ ಹೋಗಿ ಬನ್ನಿ. ಕಳೆದ ವರ್ಷದ ಲೆಕ್ಕಪತ್ರ ತೋರಿಸಿ ಎಂದು ಕೇಳಿ, ಒಳ್ಳೆಯ ಕ್ಲಬ್ ಬೇಸರಿಸುವುದಿಲ್ಲ. ಸಭೆ ಮಧ್ಯಾಹ್ನ ಮೂರಕ್ಕೆ ಇದ್ದರೆ ಕೆಲಸಕ್ಕೆ ಹೋಗುವವರಿಗೆ ಕಷ್ಟ. ಸಂಜೆ ಆರಕ್ಕೆ ಇಡಿ ಎಂದು ನಾಲ್ಕು ಜನ ಒಟ್ಟಿಗೆ ಹೋಗಿ ಕೇಳಿದರೆ ಸಮಯ ಬದಲಾದೀತು. ಸೇರಬೇಕು ಎಂದಿರುವ ಸಹೋದ್ಯೋಗಿಗಳನ್ನು ಜೊತೆಗೆ ಕರೆದುಕೊಂಡು ಹೋಗಿ.