ಕ್ಯಾಮೆರಾ ಖರೀದಿ: ಮೆಗಾಪಿಕ್ಸೆಲ್ ಒಂದನ್ನೇ ನಂಬಬೇಡಿ

ಬಿಡಿಭಾಗಗಳ ತಪಾಸಣೆಗೆ ಕ್ಯಾಮೆರಾ ಕೊಳ್ಳುವ ಸಣ್ಣ ಉದ್ದಿಮೆದಾರರು ದರಪಟ್ಟಿಯಲ್ಲಿ ಮೊದಲು ನೋಡುವುದು ಮೆಗಾಪಿಕ್ಸೆಲ್ ಸಂಖ್ಯೆಯನ್ನು. ಅದು ಬಿಂದುಗಳ ಎಣಿಕೆಯೇ ಹೊರತು ಚಿತ್ರದ ಸ್ಪಷ್ಟತೆಯ ಅಳತೆಯಲ್ಲ. ಮಸೂರ ಕಳಪೆಯಾಗಿದ್ದರೆ ಹೆಚ್ಚಿನ ಬಿಂದುಗಳಿಗೆ ತೆತ್ತ ಹಣ ವ್ಯರ್ಥ.

ಸ್ಪಷ್ಟತೆಯನ್ನು ಅಳೆಯಲು 2000ನೇ ಇಸವಿಯಲ್ಲಿ ಮೊದಲು ಪ್ರಕಟವಾದ ಐಎಸ್‌ಒ 12233 ಮಾನಕವಿದೆ. ಕಪ್ಪು-ಬಿಳುಪು ಸೇರುವ, ತುಸು ಓರೆಯಾದ ಅಂಚೊಂದರ ಚಿತ್ರ ತೆಗೆದು, ಅದರಿಂದ ಎಂಟಿಎಫ್ ಎಂಬ ಅಳತೆಯನ್ನು ಲೆಕ್ಕಹಾಕುತ್ತಾರೆ. ಗೆರೆಗಳು ಸೂಕ್ಷ್ಮವಾದಂತೆಲ್ಲ ಕಪ್ಪು-ಬಿಳುಪಿನ ವ್ಯತ್ಯಾಸ ಎಷ್ಟು ಉಳಿಯುತ್ತದೆಂದು ಅದು ತಿಳಿಸುತ್ತದೆ. ವ್ಯತ್ಯಾಸ ಅರ್ಧಕ್ಕಿಳಿಯುವ ಹಂತವೇ ಎಂಟಿಎಫ್ 50. ಈ ಅಂಕಿಯನ್ನೂ ಸಾಫ್ಟ್‌ವೇರ್ ಮೂಲಕ ಉಬ್ಬಿಸಬಹುದು (ಲೆಕ್ಕಪತ್ರ ನೋಡುವವರಿಗೆ ಇದೇನೂ ಹೊಸದಲ್ಲ!). ಆದ್ದರಿಂದ ಕೃತಕವಾಗಿ ತಿದ್ದದ ಚಿತ್ರದ ಮಧ್ಯದಲ್ಲೂ ಮೂಲೆಗಳಲ್ಲೂ ಅಳೆದ ವರದಿಯನ್ನು ಖರೀದಿ ಆದೇಶದಲ್ಲೇ ಷರತ್ತಾಗಿ ನಮೂದಿಸಿ, ಅದು ಕೈಸೇರಿದ ಮೇಲೆಯೇ ಬಾಕಿ ಹಣ ಪಾವತಿಸುವುದು ಲೇಸು.