ಬಾಯಿಯ ಗಡ್ಡೆಯನ್ನು ಮರೆಮಾಚದಿರೋಣ

ಕೊಡಿಯಾಲ್‌ಬೈಲಿನ ಬಿಷಪರ ನಿವಾಸದಿಂದ ಕಂಕನಾಡಿ ಬಹುದೂರವೇನಲ್ಲ. ಅಲ್ಲಿ ಫಾದರ್ ಆಗಸ್ಟಸ್ ಮುಲ್ಲರರು 1890ರಲ್ಲಿ ಕುಷ್ಠರೋಗಿಗಳಿಗಾಗಿ ಆಶ್ರಯವನ್ನು ತೆರೆದರು. ಅಂದು ಮನೆಮಂದಿ ಕುಷ್ಠವನ್ನು ಮುಚ್ಚಿಡುತ್ತಿದ್ದರು. ಇಂದು ಎಚ್‌ಐವಿಯನ್ನು ಮುಚ್ಚಿಡುತ್ತೇವೆ. ಈ ಮುಚ್ಚುಮರೆಯ ಫಲ ಕೆಲವೊಮ್ಮೆ ಬಾಯಿಯೊಳಗೇ ಕಾಣಿಸಿಕೊಳ್ಳುತ್ತದೆ.

ರೋಗನಿರೋಧಕ ಶಕ್ತಿಯು ಸೋಂಕುಗಳೊಡನೆ ಹೋರಾಡುವುದಲ್ಲದೆ, ಹಾದಿತಪ್ಪಿದ ಜೀವಕೋಶಗಳನ್ನೂ ನಾಶಪಡಿಸುತ್ತದೆ. ಎಚ್‌ಐವಿಯಿಂದಾಗಲಿ, ಮೂತ್ರಪಿಂಡದ ಕಸಿಯ ಬಳಿಕ ಸೇವಿಸುವ ಔಷಧಗಳಿಂದಾಗಲಿ ಈ ಕಾವಲು ಸಡಿಲಗೊಂಡಾಗ ಗಡ್ಡೆಗಳು ಬೆಳೆಯಲು ಎಡೆಯಾಗುತ್ತದೆ. ಬಾಯಿಯ ಅಂಗಳದಲ್ಲೋ ವಸಡಿನಲ್ಲೋ ನೇರಳೆ ಬಣ್ಣದ ಕಲೆಯಾಗಿ ತೋರುವ ಕಪೋಸಿ ಸಾರ್ಕೋಮಾ ಅಂಥವುಗಳಲ್ಲೊಂದು. ಇದಕ್ಕೆ ಕಾರಣವಾದ ವೈರಾಣು 1994ರಲ್ಲಿ ಪತ್ತೆಯಾಯಿತು. ನಮ್ಮ ದೇಶದಲ್ಲಿ ಈ ಗಡ್ಡೆ ವಿರಳ. ವಸಡಿನಲ್ಲಿ ಬೇಗನೆ ಊದಿಕೊಳ್ಳುವ ಲಿಂಫೋಮಾ ಇನ್ನೊಂದು. ಕಸಿಯಾದವರಲ್ಲಿ ತುಟಿಯ ಕ್ಯಾನ್ಸರಿನ ಸಂಭವವೂ ಹೆಚ್ಚು.

ಇವೆಲ್ಲಕ್ಕಿಂತ ನಮಗೆ ಸಮೀಪದ ಅಪಾಯ ಎಲೆಯಡಿಕೆ ಮತ್ತು ಹೊಗೆಸೊಪ್ಪು. ಅಡಿಕೆ ನಮ್ಮ ಜಿಲ್ಲೆಯ ಅನ್ನದ ಬೆಳೆಯೆಂಬುದು ನಿಜ. ಆದರೆ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಅದನ್ನು ಕ್ಯಾನ್ಸರ್‌ಕಾರಕವೆಂದು ಪ್ರಕಟಿಸಿತು. ಶಕ್ತಿ ಕುಂದಿದ ದೇಹಕ್ಕೆ ಅದು ಇನ್ನೊಂದು ಹೊರೆ.

ಹಾಗಾದರೆ ಮಾಡಬೇಕಾದುದೇನು? ತಿಂಗಳಿಗೊಮ್ಮೆ ಕನ್ನಡಿಯ ಮುಂದೆ, ಒಳ್ಳೆಯ ಬೆಳಕಿನಲ್ಲಿ, ಕಟ್ಟಿಸಿದ ಹಲ್ಲಿದ್ದರೆ ಅದನ್ನು ತೆಗೆದಿರಿಸಿ ತುಟಿ, ಕೆನ್ನೆಯ ಒಳಭಾಗ, ನಾಲಗೆಯ ಅಂಚು, ವಸಡು, ಅಂಗಳಗಳನ್ನು ನೋಡಬೇಕು. ಎರಡು ವಾರಗಳಲ್ಲಿ ಮಾಯದ ಹುಣ್ಣು, ಬಿಳಿ, ಕೆಂಪು ಇಲ್ಲವೆ ನೇರಳೆ ಮಚ್ಚೆ, ಕಾರಣವಿಲ್ಲದೆ ಅಲುಗುವ ಹಲ್ಲು, ಕುತ್ತಿಗೆಯ ಗಂಟು – ಇವುಗಳಲ್ಲಿ ಯಾವುದಿದ್ದರೂ ದಂತವೈದ್ಯರಿಗೆ ತೋರಿಸಬೇಕು. ನೋವಿಲ್ಲವೆಂದು ಸುಮ್ಮನಿರಬಾರದು, ಆರಂಭದ ಗಡ್ಡೆ ನೋಯುವುದು ಅಪರೂಪ. ತುಣುಕು ತೆಗೆದು ಪರೀಕ್ಷಿಸಿದಾಗಲೇ ಖಚಿತ ಉತ್ತರ ಸಿಗುತ್ತದೆ.

ವೈದ್ಯರೊಡನೆ ಸತ್ಯವನ್ನೇ ಹೇಳಬೇಕು. ಮೂಲರೋಗ ತಿಳಿದರೆ ಚಿಕಿತ್ಸೆಯ ದಾರಿಯೇ ಬೇರೆಯಾಗಬಹುದು. ಎಚ್‌ಐವಿ ಔಷಧವನ್ನು ಕ್ರಮವಾಗಿ ಸೇವಿಸಿದಾಗ ಅನೇಕರಲ್ಲಿ ಕಪೋಸಿ ಗಡ್ಡೆ ಕುಗ್ಗುತ್ತದೆ. ಈ ಔಷಧವನ್ನು ಸರಕಾರವು 2004ರಿಂದ ಉಚಿತವಾಗಿ ಕೊಡುತ್ತಿದೆ. ಕಸಿಯಾದವರಿಗೆ ವೈದ್ಯರು ಔಷಧದ ಪ್ರಮಾಣವನ್ನು ಬದಲಿಸಬಹುದು. ಆದರೆ ತಾವಾಗಿ ಮಾತ್ರೆ ನಿಲ್ಲಿಸಿದರೆ ಕಸಿ ಮಾಡಿದ ಅಂಗವೇ ಕೈತಪ್ಪೀತು. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಕಾನೂನಿನಂತೆ, ಎಚ್‌ಐವಿ ಇದೆಯೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿರಾಕರಿಸುವಂತಿಲ್ಲ. ರೋಗಿಯ ಗುಟ್ಟನ್ನು ಬಯಲು ಮಾಡುವಂತೆಯೂ ಇಲ್ಲ.

ಕಾನೂನು ಆಸ್ಪತ್ರೆಯ ಬಾಗಿಲನ್ನು ತೆರೆದಿರಿಸಬಲ್ಲದು. ಆ ಬಾಗಿಲವರೆಗೆ ರೋಗಿಯ ಕೈಹಿಡಿದು ನಡೆಸುವವರು ಮನೆಮಂದಿ, ನೆರೆಹೊರೆಯವರು, ವಾಳೆಯ ಗುರಿಕಾರರು. ನಾವು ಆಡಿಕೊಳ್ಳುವ ಒಂದು ಮಾತು ರೋಗಿಯನ್ನು ತಿಂಗಳುಗಟ್ಟಲೆ ಮನೆಯೊಳಗೇ ಕೂಡಿಹಾಕಬಹುದು. ಗಡ್ಡೆ ಬೆಳೆಯುವುದು ಆ ತಿಂಗಳುಗಳಲ್ಲಿಯೇ.